ಪಾಚಿ ನಿವಾರಣಾ ಸಮಿತಿ

ನಮ್ಮ ಮನೆಯ ಎರಡಡಿ ಫಿಶ್ ಟ್ಯಾಂಕಿನ ಗಾಜಿಗೆ ಪಾಚಿ ಹಿಡಿದದ್ದೇ ಇಷ್ಟಕ್ಕೆಲ್ಲ ಮೂಲ. ಸ್ಪಂಜು ತಗೊಂಡು ಉಜ್ಜಿದ್ದರೆ ಐದು ನಿಮಿಷದ ಕೆಲಸ. ಆದರೆ ಬೆಂಗಳೂರಿನಲ್ಲಿ ಮೂವತ್ತು ವರ್ಷ ಕಂದಾಯ ಕಟ್ಟಿದವನು ನಾನು. ಸಮಸ್ಯೆ ಕಂಡ ಕೂಡಲೇ ಅದಕ್ಕೇ ಕೈಹಾಕುವ ಕೆಟ್ಟ ಚಾಳಿ ಎಂದೋ ಬಿಟ್ಟುಹೋಗಿದೆ. ಅಂಗಡಿಗೆ ಹೋದೆ.

"ನಾಲ್ಕು ರ‍್ಯಾಮ್ಸ್‌ಹಾರ್ನ್ ಬಿಡಿ ಸಾರ್, ಪಾಚಿ ಎಲ್ಲಾ ಅವೇ ನೋಡ್ಕೊಳ್ತವೆ" ಅಂದ ಹುಡುಗ. ಟಗರಿನ ಕೊಂಬಿನ ಹಾಗೆ ಸುರುಳಿ ಸುತ್ತಿದ ಕೆಂಪು ಚಿಪ್ಪು, ಕಡಲೆಕಾಳಿನಷ್ಟು ಗಾತ್ರದ ಬಸವನಹುಳುಗಳು. ನಾಲ್ವರು ಸದಸ್ಯರ ಪಾಚಿ ನಿವಾರಣಾ ಸಮಿತಿ ಅಂದೇ ಸಂಜೆ ಅಧಿಕಾರ ವಹಿಸಿಕೊಂಡಿತು.

ಮೂರನೇ ವಾರಕ್ಕೆ ಎಲೆಯಡಿ ಗೋಂದಿನ ಹನಿಯಂಥದ್ದೊಂದು ಕಂಡಿತು. ಕನ್ನಡಕ ಏರಿಸಿ ನೋಡಿದರೆ ಒಳಗೆ ಹದಿನೈದು ಚುಕ್ಕಿ. ಇನ್ನೊಂದು ವಾರಕ್ಕೆ ಚುಕ್ಕಿಗಳಿಗೆ ಚಿಪ್ಪು ಮೂಡಿ, ಗಾಜಿನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಹರಿದಾಡತೊಡಗಿದವು. ಈ ಜಾತಿಯಲ್ಲಿ ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಜೊತೆ ಸಿಗದಿದ್ದರೆ ಒಂಟಿಯಾಗಿಯೇ ವಂಶ ಬೆಳೆಸಬಲ್ಲದು. ಉಪಸಮಿತಿ ರಚಿಸಲು ಇನ್ನೊಂದು ಇಲಾಖೆಯ ಸಹಿ ಬೇಡ! ನಲ್ಲಿಗೆಲ್ಲ ಬಿಳಿ ಹೊಪ್ಪಳೆ ಕಟ್ಟಿಸುವ ನಮ್ಮ ಬೋರ್‌ವೆಲ್ ನೀರಿನ ಸುಣ್ಣವಂತೂ ಅವುಗಳ ಚಿಪ್ಪಿಗೆ ಹೇಳಿ ಮಾಡಿಸಿದ್ದು. ಎರಡು ತಿಂಗಳಿಗೆ ಎಣಿಸುವುದನ್ನೇ ಬಿಟ್ಟೆ. ಪಾಚಿ ಮಾತ್ರ ಇದ್ದಲ್ಲೇ ಇತ್ತು. ಮೀನಿಗೆಂದು ನಾನು ಧಾರಾಳವಾಗಿ ಉದುರಿಸುವ ಕಾಳು ದಿನಾ ತಳ ಸೇರುತ್ತಿರುವಾಗ ಪಾಚಿ ನೆಕ್ಕಲು ಅವಕ್ಕೇನು ಹುಚ್ಚೇ?

ನನಗೆ ಇದೇನೂ ಹೊಸದಲ್ಲ ಬಿಡಿ. ಕೆರೆಗಳನ್ನು ನೋಡಿಕೊಳ್ಳಲೆಂದು 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಸಾಲದೆಂದು 2014ರಲ್ಲಿ ಕಾಯ್ದೆ ಮಾಡಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ತಂದರು. ಹುಳು ಅದೇ, ಚಿಪ್ಪಿಗೆ ಒಂದು ಸುತ್ತು ಹೆಚ್ಚು. 2018ರಲ್ಲಿ ಅದನ್ನೂ ಮುಚ್ಚಿ ಸಣ್ಣ ನೀರಾವರಿ ಇಲಾಖೆಯ ಮಡಿಲಿಗೆ ಹಾಕಿದರು. ಇನ್ನು ಕೆರೆಗಳ ಗತಿ ನೋಡಿ ವರದಿ ಕೊಡಲು ಲಕ್ಷ್ಮಣರಾವ್ ಸಮಿತಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ, ಕೋಳಿವಾಡ ಸದನ ಸಮಿತಿ. ಬೆಳ್ಳಂದೂರು ಕೆರೆ ಇಂಥ ವರದಿಗಳನ್ನು ಓದಲು ಕೂತಿತ್ತೋ ಏನೋ, 2015ರಲ್ಲಿ ಅದರ ಬಾಯಲ್ಲೇ ನೊರೆ ಬಂತು. ಕೋಡಿಯಿಂದ ಎದ್ದ ನೊರೆ ಗಾಳಿಗೆ ಹಾರಿ ರಸ್ತೆಗೆ ಬಿತ್ತು. ಕಾರಣ ಗುಟ್ಟೇನಲ್ಲ: ಶುದ್ಧೀಕರಿಸದ ಚರಂಡಿ ನೀರು, ಅದರೊಳಗೆ ನಮ್ಮ ನಿಮ್ಮ ಮನೆಯ ಸೋಪಿನ ಪುಡಿ. ಪರಿಹಾರ? ನೊರೆ ರಸ್ತೆಗೆ ಬಾರದಂತೆ ಜಾಲರಿ ಕಟ್ಟಿದರು. 2018ರ ಜನವರಿಯಲ್ಲಿ ಅದೇ ಕೆರೆಗೆ ಬೆಂಕಿ ಬಿದ್ದಾಗ ಆರಿಸಲು ಸೇನೆಯವರು ಬಂದರು. ಕೆರೆಯ ಬೆಂಕಿ ಆರಿಸಲು ಹೊರಗಿನಿಂದ ನೀರು ಹೊತ್ತ ಊರಿದು.

ಇಂಥ ಪರಂಪರೆಯವನು ನಾನು ಮತ್ತೆ ಅಂಗಡಿಗೆ ಹೋಗದಿರುತ್ತೇನೆಯೇ? "ಅಸಾಸಿನ್ ಸ್ನೇಲ್ ಇದೆ ಸಾರ್, ಬಸವನಹುಳುವನ್ನೇ ತಿನ್ನೋ ಬಸವನಹುಳು." ಹಳದಿ ಕಪ್ಪು ಪಟ್ಟೆ, ಮೊನಚು ಚಿಪ್ಪು, ನೋಡಿದರೆ ವಿಶೇಷ ಕಾರ್ಯಪಡೆಯ ಸಮವಸ್ತ್ರವೇ. ಆರು ತಂದೆ. ಮೊದಲ ವಾರ ಒಂದೆರಡು ಖಾಲಿ ಚಿಪ್ಪು ಸಿಕ್ಕವು, ಫೋಟೋ ಹಿಡಿದು ನೆಂಟರಿಗೆಲ್ಲ ಕಳಿಸಿದೆ. ಆಮೇಲೆ ಕಾರ್ಯಪಡೆ ಮರಳಲ್ಲಿ ಹೂತುಕೊಂಡು, ಮೂತಿಯ ಕೊಳವೆಯನ್ನಷ್ಟೇ ಹೊರಗಿಟ್ಟು ಮಲಗಿತು. ಕಾಳು ಬಿದ್ದ ವಾಸನೆಗೆ ಮಾತ್ರ ಮೇಲೇಳುತ್ತದೆ. ಭತ್ಯೆ ಹೊತ್ತಿಗೆ ಸರಿಯಾಗಿ ಸಿಗುವಾಗ ದಾಳಿ ಯಾಕೆ?

"ಏನ್ರೀ, ಮೊದಲು ಆ ಕಾಳು ಹಾಕೋದು ಕಮ್ಮಿ ಮಾಡಿ" ಅಂದಳು ನನ್ನಾಕೆ.

ಪಾಪ, ಅವಳಿಗೆ ಆಡಳಿತದ ಅನುಭವವಿಲ್ಲ. ಮೂಲಕ್ಕೇ ಕೈಹಾಕಿದರೆ ಇಷ್ಟೂ ಹುಳುಗಳ ಗತಿಯೇನು?

ಅಂಗಡಿಯವನ ಬಳಿ ಮುಂದಿನ ಯೋಜನೆಯೂ ಸಿದ್ಧವಿದೆ. ಪೀ ಪಫರ್. ನಮ್ಮ ಪಶ್ಚಿಮ ಘಟ್ಟದ ಹೊಳೆಗಳದ್ದೇ ಮೀನು, ಇಂಚು ಉದ್ದ, ಬಸವನಹುಳು ಅಂದರೆ ಪ್ರಾಣ. "ಆದ್ರೆ ಬೇರೆ ಮೀನಿನ ಬಾಲ ಕಚ್ತದೆ ಸಾರ್, ಅದಕ್ಕೆ ಸಪರೇಟ್ ಟ್ಯಾಂಕ್ ಇಟ್ಬಿಡಿ." ಹುಳು ಒಂದು ಟ್ಯಾಂಕಲ್ಲಿ, ಅದನ್ನು ತಿನ್ನುವ ಮೀನು ಇನ್ನೊಂದರಲ್ಲಿ! ನಮ್ಮ ಸಚಿವಾಲಯಕ್ಕೂ ಹೊಳೆಯದ ಉಪಾಯ.

ಈ ನಡುವೆ ಮನೆಯಲ್ಲೊಂದು ಅಕ್ರಮ ನಡೆದಿದೆ. ಕಾಳಿನ ಡಬ್ಬಿ ಸಾಂಬಾರು ಪುಡಿಯ ಹಿಂದೆ ಅಡಗಿ, ಎರಡು ದಿನಕ್ಕೊಂದು ಚಿಟಿಕೆ ಮಾತ್ರ ಹೊರಬರುತ್ತಿದೆ. ಹದಿನೈದು ದಿನದಿಂದ ಎಲೆಯಡಿ ಹೊಸ ಗೋಂದಿನ ಹನಿ ಕಂಡಿಲ್ಲ. ಬಲಗಡೆಯ ಗಾಜಿನಲ್ಲಿ ಪಾಚಿಯ ನಡುವೆ ಬೆರಳಗಲದ ಸ್ವಚ್ಛ ದಾರಿಯೊಂದು ಮೂಡಿದೆ. ಈ ವರದಿಯನ್ನು ನಾನಿನ್ನೂ ಅಂಗೀಕರಿಸಿಲ್ಲ. ಟೇಪು ಹಿಡಿದು ಟಿವಿ ಪಕ್ಕದ ಜಾಗ ಅಳೆಯುತ್ತಿದ್ದೇನೆ.