ಸದಲಗಾ ಕೃಷ್ಣೆಯ ದಂಡೆ ಮೇಲಿಲ್ಲ

ನೆರೆ ಕುರಿತ ನಿಮ್ಮ ಲೇಖನ ಚೆನ್ನಾಗಿದೆ, ಆದರೆ ಅದರಲ್ಲಿ ಬೆಳಗಾವಿ ಜಿಲ್ಲೆಯ ನಮ್ಮೂರಿನ ಬಗ್ಗೆ 'ಸದಲಗಾ ಕೃಷ್ಣಾ ತೀರದ ಪಟ್ಟಣ, ಅಲ್ಲಿನ ನೆರೆಗೆ ಆಲಮಟ್ಟಿಯೇ ಕಾರಣ' ಅಂದಿದ್ದು ಸರಿಯಲ್ಲ. ನಮ್ಮದು ದೂಧಗಂಗಾ ನದಿ. ವೇದಗಂಗೆಯನ್ನು ಮೇಲೆಯೇ ಸೇರಿಸಿಕೊಂಡು ನಮ್ಮೂರು ದಾಟಿ, ಕಲ್ಲೋಳ–ಯಡೂರ ಹತ್ತಿರ ಕೃಷ್ಣೆಯನ್ನು ಕೂಡುತ್ತದೆ. ಮಹಾರಾಷ್ಟ್ರದ ಕಡೆ ಮಳೆ ಜೋರಾಗಿ ಕೃಷ್ಣೆ ತುಂಬಿ ಹರಿದರೆ ದೂಧಗಂಗೆಗೆ ಮುಂದೆ ದಾರಿಯೇ ಇರಲ್ಲ, ನೀರು ಹಿಂದಕ್ಕೆ ಒತ್ತಿ ಕಬ್ಬಿನ ಗದ್ದೆಗೆ ನುಗ್ಗುತ್ತದೆ. ದೂಧಗಂಗೆಯ ಮೇಲಿನ ಮಲಿಕವಾಡ–ದತ್ತವಾಡ ಸೇತುವೆ ಮುಳುಗಿತು ಅಂದ್ರೆ ಆಚೆ ದಂಡೆಯ ನೆಂಟರ ಮನೆಗೂ ಸುತ್ತು ಹಾಕಿಯೇ ಹೋಗಬೇಕು. ಆಚೆ ಅಂದರೆ ಮಹಾರಾಷ್ಟ್ರ! 1956ರವರೆಗೆ ಎರಡೂ ದಂಡೆ ಮುಂಬೈ ರಾಜ್ಯದಲ್ಲೇ ಇದ್ದವು, ಅದನ್ನೂ ಬರೆಯಬೇಕಿತ್ತು ಅಲ್ವಾ? ಆಲಮಟ್ಟಿ ಅಣೆಕಟ್ಟೆ ಬಗ್ಗೆ ವಾದ ಇರಲಿ, ಆದರೆ ಮೊದಲು ಮಹಾರಾಷ್ಟ್ರದಲ್ಲಿ ಕೃಷ್ಣೆಗೆ ಕಟ್ಟಿರುವ ರಾಜಾಪುರ ಬ್ಯಾರೇಜ್‌ನಿಂದ ಎಷ್ಟು ಕ್ಯುಸೆಕ್ ಬರ್ತಿದೆ ಅಂತ ನೋಡಿ. ಮಳೆಗಾಲದಲ್ಲಿ ಇಲ್ಲಿ ಎಲ್ಲರೂ ಕೇಳೋದು ಅದನ್ನೇ.