ಜೋಜಿ ಲಾ: ತಿಮ್ಮಯ್ಯನವರ ಟ್ಯಾಂಕು ಅಲ್ಲಿಗೆ ಹೋದದ್ದು ಹೇಗೆ?

ಜನರಲ್ ಕೆ.ಎಸ್. ತಿಮ್ಮಯ್ಯನವರ ಮಾತು ಬಂದಾಗೆಲ್ಲ ಕಾಶ್ಮೀರದ ಜೋಜಿ ಲಾ ಪಾಸ್, ಅಂದರೆ ಬೆಟ್ಟಗಳ ನಡುವಿನ ಆ ಕಣಿವೆದಾರಿ, ಬಂದೇ ಬರುತ್ತದೆ. 1948ರ ನವೆಂಬರ್ 1ರಂದು ಮೇಜರ್ ಜನರಲ್ ಆಗಿದ್ದವರು ಎಲ್ಲಕ್ಕಿಂತ ಮುಂದಿನ ಟ್ಯಾಂಕಿನಲ್ಲಿ ಕೂತು ಗುಂಡಿನ ಮಳೆಗೆ ನುಗ್ಗಿದರು ಅನ್ನುವಲ್ಲಿಗೆ ಕಥೆ ಮುಗಿಸಿಬಿಡುತ್ತೇವೆ. ಅದು ನಿಜವೇ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮಡಿಕೇರಿಯಲ್ಲಿ ಹುಟ್ಟಿದ ಆ ಸೇನಾನಿಗೆ ಅನ್ಯಾಯವಾಗುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಸುಮಾರು 11,500 ಅಡಿ ಎತ್ತರದ ಜೋಜಿ ಲಾ ದಾಟಿಯೇ ಹೋಗಬೇಕು. 1947-48ರ ಕಾಶ್ಮೀರ ಯುದ್ಧದಲ್ಲಿ ಅದು ಶತ್ರುವಿನ, ಅಂದರೆ ಪಾಕಿಸ್ತಾನದ ಕಡೆಯವರ ಕೈಯಲ್ಲಿತ್ತು. ಸೆಪ್ಟೆಂಬರ್‌ನಲ್ಲಿ 77 ಪ್ಯಾರಾ ಬ್ರಿಗೇಡ್ ನಡೆಸಿದ ದಾಳಿ ವಿಫಲವಾಯಿತು. ನಮ್ಮ ಜವಾನರಲ್ಲಿ ಕೆಚ್ಚಿಗೇನೂ ಕೊರತೆ ಇರಲಿಲ್ಲ, ತೊಡಕಿದ್ದದ್ದು ಜಾಗದಲ್ಲಿ. ಎರಡೂ ಕಡೆ ಕಡಿದಾದ ಬೆಟ್ಟ, ಬಂಡೆಗಳ ನಡುವಿನ ಗುಹೆ, ಬಂಕರುಗಳಲ್ಲಿ ಮೆಷಿನ್‌ಗನ್, ಕೆಳಗೆ ಮರೆಯೇ ಇಲ್ಲದ ಇಕ್ಕಟ್ಟಿನ ದಾರಿ. ಮೇಲಿಂದ ಬೀಳುವ ನಮ್ಮ ಫಿರಂಗಿ ಗುಂಡು ಬಂಡೆಯ ನೆತ್ತಿಗೆ ಬಡಿಯುತ್ತದೆಯೇ ಹೊರತು ಗುಹೆಯೊಳಗೆ ಹೋಗುವುದಿಲ್ಲ. ಆ ಎತ್ತರದಲ್ಲಿ ಹತ್ತು ಹೆಜ್ಜೆ ಓಡಿದರೆ ಉಸಿರು ಕಟ್ಟುತ್ತದೆ. ಅದೇ ದಾಳಿಯನ್ನು ಇನ್ನಷ್ಟು ಜನರನ್ನು ಹಾಕಿ ಮಾಡಿದ್ದರೆ ಇನ್ನಷ್ಟು ಹೆಣ ಬೀಳುತ್ತಿತ್ತು, ಅಷ್ಟೇ.

ತಿಮ್ಮಯ್ಯ ಉಪಾಯವನ್ನೇ ಬದಲಿಸಿದರು. ಗುಹೆಯ ಬಾಯಿಗೆ ನೇರವಾಗಿ ಗುಂಡಿಡಬಲ್ಲ, ಗುಂಡು ತಗುಲಿದರೂ ಮುಂದೆ ಹೋಗಬಲ್ಲ ಆಯುಧ ಬೇಕಿತ್ತು. 7ನೇ ಲೈಟ್ ಕ್ಯಾವಲ್ರಿ ಎಂಬ ಟ್ಯಾಂಕ್ ದಳದ ಸ್ಟುವರ್ಟ್ ಟ್ಯಾಂಕುಗಳು ಸಿಕ್ಕವು. ಸುಮಾರು 15 ಟನ್ ತೂಕ, 37 ಮಿ.ಮೀ. ಗನ್. ಬಯಲಿನ ಯುದ್ಧಕ್ಕೆ ಅದು ಚಿಕ್ಕ ಗನ್ನೇ, ಆದರೆ ಬಂಕರಿನ ಕಿಂಡಿಗೆ ಹೊಡೆಯಲು ಸಾಕು.

ತರುವುದೇ ದೊಡ್ಡ ಸಾಹಸ. ಜಮ್ಮು ಕಡೆಯಿಂದ ಶ್ರೀನಗರದವರೆಗಿನ ಸೇತುವೆಗಳು ಅಷ್ಟು ಭಾರ ತಡೆಯುವಂಥವಲ್ಲ. ಟ್ಯಾಂಕಿನ ಮೇಲಿನ ಟರೆಟ್, ಅಂದರೆ ಗನ್ ಕೂರಿಸಿದ ತಿರುಗುವ ಭಾಗ, ಬಿಚ್ಚಿ ಬೇರೆಯಾಗಿ ಸಾಗಿಸಿದರು. ಭಾರವೂ ಇಳಿಯಿತು, ನೋಡಿದವರಿಗೆ ಟ್ಯಾಂಕೆಂದು ಗೊತ್ತಾಗದಂತೆಯೂ ಆಯಿತು. ಗುಟ್ಟು ರಟ್ಟಾಗಿದ್ದರೆ ಶತ್ರು ದಾರಿಗೆ ಮೈನ್ ಹುಗಿದು ಕಾಯುತ್ತಿದ್ದ, ಪಟ್ಟ ಪಾಡೆಲ್ಲ ನೀರುಪಾಲು.

ಪಾಸಿನ ಬುಡದಲ್ಲಿರುವ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ಹಾದಿ. ಅದನ್ನು ಟ್ಯಾಂಕ್ ಹತ್ತುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ನಮ್ಮ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಎಂಇಜಿಯವರು, ಸೇನೆಯ ಎಂಜಿನಿಯರ್ ದಳದವರು. ಬಂಡೆ ಸಿಡಿಸಬೇಕು, ತಿರುವುಗಳನ್ನು ಅಗಲಿಸಬೇಕು, ಅಂಚು ಕುಸಿಯದಂತೆ ಕಟ್ಟಬೇಕು, ಅದೂ ಶತ್ರುವಿನ ಗುಂಡಿನಡಿ. ಟ್ಯಾಂಕಿನವನಿಗಾದರೂ ಉಕ್ಕಿನ ಕವಚವಿದೆ, ಗುದ್ದಲಿ ಹಿಡಿದವನಿಗೆ ಏನಿದೆ? ಇವರ ಹೆಸರೆತ್ತದೆ ಜೋಜಿ ಲಾ ಕಥೆ ಹೇಳುವುದು ನನಗೆ ಸಹಿಸಲಾಗದ ವಿಷಯ.

ಅಕ್ಟೋಬರ್‌ನಲ್ಲಿ ನಡೆಯಬೇಕಿದ್ದ ದಾಳಿ ಹಿಮ ಬಿದ್ದು ಮುಂದೆ ಹೋಯಿತು. ಇನ್ನೂ ತಡವಾದರೆ ಪಾಸ್ ಪೂರ್ತಿ ಮುಚ್ಚಿ, ಲೇಹ್ ಇಡೀ ಚಳಿಗಾಲ ವಿಮಾನವನ್ನೇ ನಂಬಿ ಕೂರಬೇಕು. ಎಂಜಿನ್ನಿಗೂ ಕಷ್ಟ: ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ, ಹಾಗಾಗಿ ಶಕ್ತಿ ಇಳಿಯುತ್ತದೆ, ಹಿಮದಲ್ಲಿ ಟ್ರ್ಯಾಕ್ ಜಾರುತ್ತದೆ. ಮುಂದಿನ ಟ್ಯಾಂಕು ಇಕ್ಕಟ್ಟಿನಲ್ಲಿ ಕೆಟ್ಟು ನಿಂತರೆ ಹಿಂದಿನವೆಲ್ಲ ಅಲ್ಲೇ ಬಂದಿ.

ತಿಮ್ಮಯ್ಯನವರಂಥ ಡಿವಿಷನ್ ಕಮಾಂಡರ್, ಅಂದರೆ ಸಾವಿರಾರು ಸೈನಿಕರ ಮುಖ್ಯಸ್ಥ, ಮುಂದಿನ ಟ್ಯಾಂಕಿನಲ್ಲಿ ಕೂರುವುದು ಸರಿಯೇ ಅಂತ ಕೆಲವರು ಕೇಳುತ್ತಾರೆ. ಸಾಮಾನ್ಯವಾಗಿ ಸರಿಯಲ್ಲ. ಆತನಿಗೆ ಪೆಟ್ಟಾದರೆ ಇಡೀ ಡಿವಿಷನ್ನಿನ ಹಿಡಿತ ತಪ್ಪುತ್ತದೆ. ಆದರೆ ಅಂದು ಎಲ್ಲವೂ ನಿಂತಿದ್ದದ್ದು ಒಂದು ಟ್ಯಾಂಕಿನಷ್ಟೇ ಅಗಲದ ಹಾದಿಯ ಮೇಲೆ. ಮುಂದುವರಿಯುವುದೋ ಹಿಂದೆ ಸರಿಯುವುದೋ ಕಣ್ಣಾರೆ ಕಂಡು ಆ ಕ್ಷಣವೇ ಹೇಳಬೇಕಿತ್ತು. ಯೋಜನೆಯ ಹೊಣೆ ಅವರದು, ಅಪಾಯವೂ ಮೊದಲು ಅವರಿಗೇ. ಅದೇ ವರ್ಷ ಮೇ ತಿಂಗಳಲ್ಲಿ ಏರ್ ಕಮಡೋರ್ ಮೆಹರ್ ಸಿಂಗ್ ಲೇಹ್‌ನಲ್ಲಿ ಮೊದಲ ಡಕೋಟಾ ಸಾಗಣೆ ವಿಮಾನ ಇಳಿಸಿದಾಗಲೂ ಅದರಲ್ಲಿ ತಿಮ್ಮಯ್ಯ ಇದ್ದರು.

ಅಷ್ಟು ಎತ್ತರದಲ್ಲಿ ಟ್ಯಾಂಕನ್ನು ಶತ್ರು ಕನಸಿನಲ್ಲೂ ನೆನೆಸಿರಲಿಲ್ಲ. ಬಂಕರುಗಳು ಒಂದೊಂದಾಗಿ ಬಾಯಿ ಮುಚ್ಚಿದವು, ಹಿಂದೆಯೇ ಪದಾತಿ ದಳ ಏರಿ ಬೆಟ್ಟಗಳನ್ನು ಹಿಡಿಯಿತು. ಅಂದೇ ಟ್ಯಾಂಕುಗಳು ಪಾಸಿನ ಆಚೆಯ ಗುಮ್ರಿ ತಲುಪಿದವು. ಅದೇ ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಎರಡೂ ಕೈಸೇರಿ, ಲೇಹ್‌ಗೆ ನೆಲದ ದಾರಿ ಮತ್ತೆ ತೆರೆಯಿತು.