ಔಲ್‌ಮ್ಯಾನ್ ಕಥೆಯಲ್ಲಿ ಅಪ್ಪ ಬದುಕಿದ್ದಾನೆ

ಬೇರೆ ಲೋಕಗಳಿಂದ ಬಂದ ಕೆಟ್ಟ ಬ್ಯಾಟ್‌ಮ್ಯಾನ್‌ಗಳು ಕಾಮಿಕ್ಸ್‌ನಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ನನ್ನ ಪಾಲಿಗೆ ಎಲ್ಲರಿಗಿಂತ ದೊಡ್ಡವನು ಔಲ್‌ಮ್ಯಾನ್. ಅದರಲ್ಲೂ ಗ್ರಾಂಟ್ ಮಾರಿಸನ್ ಬರೆದು ಫ್ರಾಂಕ್ ಕ್ವೈಟ್ಲಿ ಚಿತ್ರ ಬರೆದ 2000ನೇ ಇಸವಿಯ 'ಜೆಎಲ್‌ಎ: ಅರ್ತ್ 2' ಪುಸ್ತಕದ ಔಲ್‌ಮ್ಯಾನ್. ಆಮೇಲೆ ಬಂದ ಕಥೆಗಳು ಅವನ ಒಳಗಿದ್ದ ಮುಖ್ಯ ವಿಷಯವನ್ನೇ ಕಿತ್ತುಹಾಕಿದವು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಇದನ್ನು ಎರಡು ಸಾಲಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಹಾಗಾಗಿ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಹಿನ್ನೆಲೆ. 1964ರ ಆಗಸ್ಟ್ ತಿಂಗಳ 'ಜಸ್ಟಿಸ್ ಲೀಗ್ ಆಫ್ ಅಮೆರಿಕಾ' 29ನೇ ಸಂಚಿಕೆಯಲ್ಲಿ ಬರಹಗಾರ ಗಾರ್ಡ್ನರ್ ಫಾಕ್ಸ್ ಮತ್ತು ಚಿತ್ರಕಾರ ಮೈಕ್ ಸೆಕೋವ್ಸ್ಕಿ 'ಅರ್ತ್-ಥ್ರೀ' ಅನ್ನೋ ಹೊಸ ಲೋಕವೊಂದನ್ನು ತಂದರು. ಅಲ್ಲಿ ಎಲ್ಲವೂ ಉಲ್ಟಾ. ಕೊಲಂಬಸ್ ಅಮೆರಿಕದವನು, ಹಡಗು ಹತ್ತಿ ಯುರೋಪನ್ನು ಕಂಡುಹಿಡಿಯುತ್ತಾನೆ. ಇಂಗ್ಲೆಂಡ್ ಅಮೆರಿಕದಿಂದ ಸ್ವಾತಂತ್ರ್ಯ ಪಡೆಯುತ್ತದೆ. ಲಿಂಕನ್ ಕೊಲೆಗಾರ, ಸತ್ತವನು ಅಧ್ಯಕ್ಷ ಬೂತ್. ಆ ಲೋಕದಲ್ಲಿ ಸೂಪರ್‌ಹೀರೋಗಳೇ ಇಲ್ಲ. ಇರುವುದು ಕ್ರೈಮ್ ಸಿಂಡಿಕೇಟ್ ಅನ್ನೋ ಐದು ಜನರ ಗುಂಪು. ಸೂಪರ್‌ಮ್ಯಾನ್ ಜಾಗದಲ್ಲಿ ಅಲ್ಟ್ರಾಮ್ಯಾನ್, ವಂಡರ್ ವುಮನ್ ಜಾಗದಲ್ಲಿ ಸೂಪರ್‌ವುಮನ್, ಫ್ಲ್ಯಾಶ್ ಜಾಗದಲ್ಲಿ ಜಾನಿ ಕ್ವಿಕ್, ಗ್ರೀನ್ ಲ್ಯಾಂಟರ್ನ್ ಜಾಗದಲ್ಲಿ ಪವರ್ ರಿಂಗ್, ಬ್ಯಾಟ್‌ಮ್ಯಾನ್ ಜಾಗದಲ್ಲಿ ಔಲ್‌ಮ್ಯಾನ್. 2025ರ ಸೂಪರ್‌ಮ್ಯಾನ್ ಸಿನಿಮಾ ನೋಡಿದವರು ಅಲ್ಟ್ರಾಮ್ಯಾನ್ ಹೆಸರು ಕೇಳಿರುತ್ತಾರೆ. ಆದರೆ ಅವನು ಸೂಪರ್‌ಮ್ಯಾನ್‌ನ ಶತ್ರು ಲೂಥರ್ ತಯಾರಿಸಿದ ಕ್ಲೋನ್. ಈ ಅಲ್ಟ್ರಾಮ್ಯಾನ್ ಬೇರೆ.

ಆ ಮೊದಲ ಕಥೆಯಲ್ಲಿ ಔಲ್‌ಮ್ಯಾನ್‌ಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಅಪ್ಪ ಅಮ್ಮ ಯಾರು, ಯಾಕೆ ಹೀಗಾದ, ಒಂದೂ ಗೊತ್ತಿಲ್ಲ. ಸಿಂಡಿಕೇಟ್‌ನವರಿಗೆ ತಮ್ಮ ಲೋಕದಲ್ಲಿ ಕಳ್ಳತನ ತೀರಾ ಸುಲಭವಾಗಿಬಿಟ್ಟಿದೆ. ಎದುರಾಳಿಗಳಿಲ್ಲದೆ ಕೈ ಜಡ್ಡುಗಟ್ಟುತ್ತಿದೆ. ಅದಕ್ಕೇ ಬೇರೆ ಲೋಕದ ಹೀರೋಗಳನ್ನು ಹುಡುಕಿಕೊಂಡು ಬರುತ್ತಾರೆ. ಅಷ್ಟೇ ಕಾರಣ. ನಮ್ಮ ಡಬಲ್ ಆ್ಯಕ್ಟಿಂಗ್ ಸಿನಿಮಾಗಳನ್ನು ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ. ಒಂದೇ ಮುಖ, ಒಬ್ಬ ಒಳ್ಳೆಯವನು, ಇನ್ನೊಬ್ಬ ಕೆಟ್ಟವನು. ಆದರೆ ಆ ಕಥೆಯಲ್ಲಿ ಒಂದು ಜಾಣ ಉಪಾಯವಿತ್ತು. ಸೂಪರ್‌ಹೀರೋಗಳ ತಂಡವಾದ ಜಸ್ಟಿಸ್ ಲೀಗ್‌ನವರು ತಮ್ಮ ಲೋಕದಲ್ಲಿ ಹೊಡೆದಾಡಿದಾಗ ಗೆಲ್ಲುತ್ತಾರೆ. ಸಿಂಡಿಕೇಟ್ ತನ್ನ ಲೋಕದಲ್ಲಿ ಹೊಡೆದಾಡಿದಾಗ ಅದು ಗೆಲ್ಲುತ್ತದೆ. ಕೊನೆಗೆ ಮೂರನೆಯ ಲೋಕಕ್ಕೆ ಹೋಗಿ ತೀರ್ಮಾನ ಮಾಡಿಕೊಳ್ಳಬೇಕಾಗುತ್ತದೆ. ಮಾರಿಸನ್ ಸುಮಾರು ಮೂವತ್ತೈದು ವರ್ಷಗಳ ನಂತರ ಹಿಡಿದುಕೊಂಡದ್ದು ಈ ಎಳೆಯನ್ನೇ ಅಂತ ನನಗನ್ನಿಸುತ್ತದೆ.

ಮಧ್ಯೆ 1985ರಲ್ಲಿ 'ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್' ಅನ್ನೋ ಕಾಮಿಕ್ಸ್ ಸರಣಿ ಬಂದು ಅರ್ತ್-ಥ್ರೀಯನ್ನು ಮೊದಲ ಸಂಚಿಕೆಯಲ್ಲೇ ಅಳಿಸಿಹಾಕಿತು. ಔಲ್‌ಮ್ಯಾನ್ ಕಥೆ ಅಲ್ಲಿಗೆ ಮುಗಿದಂತಿತ್ತು.

ಈಗ ಮಾರಿಸನ್ ಮಾಡಿದ್ದು ನೋಡಿ. ಬ್ಯಾಟ್‌ಮ್ಯಾನ್ ಮುಖವಾಡದ ಹಿಂದಿರುವ ಬ್ರೂಸ್ ವೇಯ್ನ್‌ನನ್ನೇ ಕೆಟ್ಟವನನ್ನಾಗಿ ಮಾಡುವುದು ಸುಲಭದ ದಾರಿ. ಅವನು ಅದನ್ನು ಬಿಟ್ಟ. ಬದಲಿಗೆ ಬ್ರೂಸ್‌ಗೆ ಒಬ್ಬ ಅಣ್ಣನನ್ನು ಕೊಟ್ಟ. ಥಾಮಸ್ ವೇಯ್ನ್ ಜೂನಿಯರ್. ಈ ಅಣ್ಣ ಕೂಡ ಪೂರ್ತಿ ಹೊಸಬನಲ್ಲ. 1974ರಲ್ಲಿ ಬಾಬ್ ಹೇನಿ 'ವರ್ಲ್ಡ್ಸ್ ಫೈನೆಸ್ಟ್' ಪತ್ರಿಕೆಯ 223ನೇ ಸಂಚಿಕೆಯಲ್ಲಿ ಬ್ರೂಸ್‌ಗೆ ಥಾಮಸ್ ಅನ್ನೋ ಅಣ್ಣನಿದ್ದಾನೆ, ಅವನು ಮಾನಸಿಕ ಆಸ್ಪತ್ರೆಯಲ್ಲಿ ಬೆಳೆದಿದ್ದಾನೆ ಅಂತ ಕಥೆ ಬರೆದಿದ್ದ. ಎಲ್ಲರೂ ಮರೆತಿದ್ದ ಆ ಹೆಸರು ಇಲ್ಲಿ ಮುಖವಾಡ ಹಾಕಿಕೊಂಡು ಬಂತು.

ಬ್ಯಾಟ್‌ಮ್ಯಾನ್‌ನ ಮೂಲ ಕಥೆಯಲ್ಲಿ ಒಂದು ರಾತ್ರಿ ಪುಟ್ಟ ಬ್ರೂಸ್‌ನ ಕಣ್ಣೆದುರೇ ಒಬ್ಬ ಕಳ್ಳ ಅವನ ಅಪ್ಪ ಅಮ್ಮನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಮಾರಿಸನ್‌ನ ಲೋಕದಲ್ಲಿ ಆ ರಾತ್ರಿ ಗುಂಡು ಹಾರಿಸುವವನು ಕಳ್ಳನಲ್ಲ, ಪೊಲೀಸ್. ವಿಚಾರಣೆಗೆ ತನ್ನ ಜೊತೆ ಬರಬೇಕು ಅಂತ ಅವನು ಡಾಕ್ಟರ್ ವೇಯ್ನ್‌ಗೆ ಹೇಳುತ್ತಾನೆ. ಡಾಕ್ಟರ್ ಒಪ್ಪುವುದಿಲ್ಲ. ಗುಂಡು ಹಾರುತ್ತದೆ. ಸಾಯುವುದು ಅಮ್ಮ ಮಾರ್ತಾ ಮತ್ತು ಪುಟ್ಟ ಬ್ರೂಸ್. ಉಳಿಯುವುದು ಅಪ್ಪ ಮತ್ತು ದೊಡ್ಡ ಮಗ. ಮುಂದೆ ಅಪ್ಪ ಗಾಥಮ್ ನಗರದ ಪೊಲೀಸ್ ಕಮಿಷನರ್ ಆಗುತ್ತಾನೆ. ಮಗ ಆ ನಗರದ ಅತಿ ದೊಡ್ಡ ಪಾತಕಿಯಾಗುತ್ತಾನೆ. ಅವನ ಜೊತೆಗಾರ ಯಾರು ಗೊತ್ತಾ? ಗಾರ್ಡನ್. ನಮ್ಮ ಕಥೆಗಳಲ್ಲಿ ಪ್ರಾಮಾಣಿಕತೆಗೆ ಇನ್ನೊಂದು ಹೆಸರು ಅನ್ನುವಂಥ ಕಮಿಷನರ್ ಗಾರ್ಡನ್, ಅಲ್ಲಿ ಬಾಸ್ ಗಾರ್ಡನ್.

ನಾನು ಈ ಪುಸ್ತಕಕ್ಕೆ ಮತ್ತೆ ಮತ್ತೆ ಹೋಗುವುದು ಈ ಅಪ್ಪ ಮಗನಿಗಾಗಿ.

ಬ್ಯಾಟ್‌ಮ್ಯಾನ್‌ನ ಅಪ್ಪ ಅಮ್ಮ ಸಾಯುವ ದೃಶ್ಯ ಮೊದಲು ಬಂದದ್ದು 1939ರ ನವೆಂಬರ್ ತಿಂಗಳ 'ಡಿಟೆಕ್ಟಿವ್ ಕಾಮಿಕ್ಸ್' 33ನೇ ಸಂಚಿಕೆಯಲ್ಲಿ. ಅಂದಿನಿಂದ ಇಂದಿನವರೆಗೆ ಆ ಅಪ್ಪ ಬದಲಾಗಿಲ್ಲ. ಸತ್ತ ಅಪ್ಪ ತಪ್ಪು ಮಾಡುವುದಿಲ್ಲ. ಅವನಿಗೆ ವಯಸ್ಸಾಗುವುದಿಲ್ಲ. ಮಗ ಹೇಳಿದ್ದನ್ನು ಕೇಳಿಸಿಕೊಳ್ಳದೆ ಎದ್ದು ಹೋಗುವುದಿಲ್ಲ. ಬ್ರೂಸ್ ಪ್ರೀತಿಸುವುದು ಹಾಗೆ ಒಂದೇ ರಾತ್ರಿಯಲ್ಲಿ ನಿಂತುಹೋದ ಅಪ್ಪನನ್ನು. ಅಂಥ ಅಪ್ಪನಿಗೆ ಮಾತು ಕೊಟ್ಟು ಅದನ್ನು ಉಳಿಸಿಕೊಳ್ಳುವುದು ಕಷ್ಟವೇ. ಆದರೆ ಅಂಥ ಅಪ್ಪನ ಮೇಲೆ ಸಿಟ್ಟು ಬರುವುದಿಲ್ಲ.

ಥಾಮಸ್ ಜೂನಿಯರ್‌ನ ಅಪ್ಪ ದಿನಾ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾನೆ. ಅವತ್ತು ಸುಮ್ನೆ ಆ ಪೊಲೀಸಿನವನ ಹಿಂದೆ ಹೋಗಿದ್ದರೆ ಅಮ್ಮ, ತಮ್ಮ ಇಬ್ಬರೂ ಉಳಿಯುತ್ತಿದ್ದರು ಅನ್ನೋ ಯೋಚನೆ ಮಗನನ್ನು ಬಿಡುವುದಿಲ್ಲ. ಗುಂಡು ಹಾರಿಸಿದವನನ್ನು ಬಿಟ್ಟು ಅಪ್ಪನ ಮೇಲೆ ಗೂಬೆ ಕೂರಿಸುತ್ತಾನೆ. ಅವನ ಬದುಕೆಲ್ಲ ಅಪ್ಪನನ್ನು ನೋಯಿಸುವುದಕ್ಕೇ ಮೀಸಲು. ಒಂದೊಂದು ಅಪರಾಧವೂ ಆ ಕಮಿಷನರ್ ಮೇಜಿಗೆ ಹೋಗಿ ಬೀಳಲಿ ಅಂತಲೇ ಮಾಡಿದ್ದು.

ಬ್ಯಾಟ್‌ಮ್ಯಾನ್ ಕೂಡ ದಿನಾ ರಾತ್ರಿ ಹೊರಡುವುದು ಅಪ್ಪನಿಗಾಗಿ. ಔಲ್‌ಮ್ಯಾನ್ ಹೊರಡುವುದೂ ಅಪ್ಪನಿಗಾಗಿಯೇ. ಅಷ್ಟೇ ಬುದ್ಧಿ, ಅಷ್ಟೇ ಹಟ, ಅಷ್ಟೇ ಶ್ರಮ. ಇಷ್ಟು ಹತ್ತಿರ ಇಟ್ಟು ನೋಡಿದಾಗಲೇ ಇಬ್ಬರ ಅಂತರ ಎಷ್ಟು ಅಂತ ಎದೆಗೆ ತಟ್ಟುವುದು.

ಈ ಪುಸ್ತಕದಲ್ಲಿ ಔಲ್‌ಮ್ಯಾನ್ ನಮ್ಮ ಲೋಕದ ಗಾಥಮ್‌ಗೆ ಬರುತ್ತಾನೆ. ಅಲ್ಲಿ ಅವನಿಗೆ ಕಾಣುವುದು ತನ್ನ ಅಪ್ಪನ ಹೆಸರಿರುವ ಸಮಾಧಿ. ಯಾರನ್ನು ಶಿಕ್ಷಿಸಲು ಇಷ್ಟು ವರ್ಷ ಬದುಕಿದನೋ ಅವನು ಇಲ್ಲಿ ಯಾವತ್ತೋ ಸತ್ತುಹೋಗಿದ್ದಾನೆ. ಈ ಲೋಕದಲ್ಲಿ ಔಲ್‌ಮ್ಯಾನ್‌ಗೆ ಮಾಡಲು ಕೆಲಸವೇ ಇಲ್ಲ! ನಾನು ಓದಿದ ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಒಬ್ಬ ಖಳನ ಮೇಲೆ ಇಷ್ಟು ಕನಿಕರ ಹುಟ್ಟಿಸಿದ ಜಾಗ ಇನ್ನೊಂದಿಲ್ಲ. ಅವನು ಮಾಡಿದ್ದು ಸರಿ ಅಂತ ಮಾರಿಸನ್ ಎಲ್ಲೂ ಹೇಳುವುದಿಲ್ಲ. ಕ್ಷಮಿಸಿ ಅಂತಲೂ ಕೇಳುವುದಿಲ್ಲ. ಆದರೂ ಆ ಮುಖವಾಡದ ಹಿಂದೆ ಒಬ್ಬ ಮಗ ಇದ್ದಾನೆ ಅಂತ ನಮಗೆ ಗೊತ್ತಾಗುತ್ತದೆ.

ಇದಕ್ಕೆ ಒಂದು ಆಕ್ಷೇಪ ಇದೆ. ಕಾಮಿಕ್ಸ್ ಓದುವ ಗೆಳೆಯರ ಜೊತೆ ಮಾತು ಬಂದಾಗಲೆಲ್ಲ ಯಾರಾದರೂ ಎತ್ತುತ್ತಾರೆ. ಮಾರಿಸನ್ ಪುಸ್ತಕದಲ್ಲಿ ಆ ಲೋಕದ ನಿಯಮವೇ ಹಾಗಿದೆ. ಅದು ಆ್ಯಂಟಿಮ್ಯಾಟರ್ ಲೋಕ. ಅಲ್ಲಿ ಕೆಟ್ಟದ್ದೇ ಯಾವಾಗಲೂ ಗೆಲ್ಲುತ್ತದೆ. ಜಸ್ಟಿಸ್ ಲೀಗ್ ಅಲ್ಲಿಗೆ ಹೋಗಿ ಏನೇ ಮಾಡಿದರೂ ಕೊನೆಗೆ ನಿಲ್ಲುವುದಿಲ್ಲ. ಹಾಗಿದ್ದ ಮೇಲೆ ಔಲ್‌ಮ್ಯಾನ್ ಕೆಟ್ಟವನಾಗಿದ್ದು ಅವನ ತಪ್ಪು ಹೇಗಾಗುತ್ತದೆ? ಲೋಕವೇ ಅಂಥದ್ದು, ಅಲ್ವಾ?

ಇಲ್ಲ. ಪುಸ್ತಕವನ್ನು ಇನ್ನೊಂದು ಸಲ ಓದಿ ನೋಡಿ. ಕೆಟ್ಟದ್ದೇ *ಗೆಲ್ಲುತ್ತದೆ* ಅನ್ನೋದು ಅಲ್ಲಿನ ನಿಯಮ. ಎಲ್ಲರೂ ಕೆಟ್ಟವರಾಗಿಯೇ ಇರಬೇಕು ಅನ್ನೋ ನಿಯಮ ಎಲ್ಲೂ ಇಲ್ಲ. ಆ ಲೋಕದ ಲೂಥರ್ ಒಳ್ಳೆಯವನು. ಸಹಾಯ ಕೇಳಿಕೊಂಡು ಜಸ್ಟಿಸ್ ಲೀಗ್ ಬಳಿ ಬರುವವನೇ ಅವನು. ಕಮಿಷನರ್ ವೇಯ್ನ್ ಒಳ್ಳೆಯವನು. ಲಂಚಕೋರರೇ ತುಂಬಿದ ಪೊಲೀಸ್ ಇಲಾಖೆಯಲ್ಲಿ ಕೈ ಕೆಡದ ಕೆಲವರನ್ನು ಗುಡ್ಡೆ ಹಾಕಿಕೊಂಡು ತನ್ನ ಸ್ವಂತ ಮಗನ ವಿರುದ್ಧ ನಿಂತಿದ್ದಾನೆ. ಗೆಲ್ಲುವ ದಾರಿಯೇ ಇಲ್ಲದ ಲೋಕದಲ್ಲಿ ಹೀಗೆ ನಿಲ್ಲುವವರಿದ್ದಾರೆ. ಅಂದಮೇಲೆ ಔಲ್‌ಮ್ಯಾನ್ ತನ್ನ ಲೋಕದ ಕಡೆ ಬೆರಳು ತೋರಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಆ ರಾತ್ರಿ ಅವನಿಗಾದ ನಷ್ಟವೇ ಅವನ ಅಪ್ಪನಿಗೂ ಆಗಿತ್ತು. ಹೆಂಡತಿ ಹೋದಳು, ಕಿರಿಯ ಮಗ ಹೋದ. ಅಪ್ಪ ಒಂದು ಕಡೆ ನಡೆದ, ಮಗ ಇನ್ನೊಂದು ಕಡೆ ನಡೆದ. ಒಂದೇ ಲೋಕ, ಒಂದೇ ಮನೆ, ಒಂದೇ ರಾತ್ರಿ.

ಕೆಟ್ಟ ಪ್ರತಿರೂಪದ ಕಥೆಗೆ ಜೀವ ಬರುವುದು ಇಲ್ಲಿಂದ ಅಂತ ನಾನು ನಂಬುತ್ತೇನೆ. ಅವನಿಗೆ ಬೇರೆ ದಾರಿ ಇತ್ತು, ಆದರೂ ಈ ದಾರಿ ಹಿಡಿದ ಅಂತ ಓದುಗರಿಗೆ ಕಾಣಬೇಕು. ಅದು ಕಾಣದಿದ್ದರೆ ಉಳಿಯುವುದು ಬೇರೆ ಬಣ್ಣದ ಬಟ್ಟೆ ಮಾತ್ರ.

ಇದೇ ಕಾರಣಕ್ಕೆ 2013ರ 'ಫಾರೆವರ್ ಈವಿಲ್' ನನಗೆ ಬೇಸರ ತಂದಿತು. ಜೆಫ್ ಜಾನ್ಸ್ ಬರೆದದ್ದು, ಡೇವಿಡ್ ಫಿಂಚ್ ಚಿತ್ರಗಳು. ಚಿತ್ರಗಳು ಚೆನ್ನಾಗಿವೆ, ಕಥೆಯೂ ಓಡುತ್ತದೆ. ಆದರೆ ಇಲ್ಲಿನ ಔಲ್‌ಮ್ಯಾನ್ ಮನೆಯ ಬಟ್ಲರ್ ಆಲ್ಫ್ರೆಡ್ ಜೊತೆ ಸೇರಿ ಅಪ್ಪ, ಅಮ್ಮ, ತಮ್ಮ ಎಲ್ಲರನ್ನೂ ತಾನೇ ಕೊಲ್ಲಿಸಿದವನು. ಹೀಗೆ ಮಾಡಿದ ಕೂಡಲೇ ಮಾರಿಸನ್ ಕಟ್ಟಿದ್ದ ಗಂಟು ಬಿಚ್ಚಿಹೋಯಿತು. ಯಾರ ಮೇಲೂ ಸಿಟ್ಟಿಲ್ಲ, ಯಾರನ್ನೂ ಕಳೆದುಕೊಂಡಿಲ್ಲ, ಹುಟ್ಟಾ ಕ್ರೂರಿ. ಅಂಥವನನ್ನು ನೋಡಿ ಬ್ಯಾಟ್‌ಮ್ಯಾನ್ ಬಗ್ಗೆ ನಮಗೆ ಹೊಸದಾಗಿ ಏನು ತಿಳಿಯುತ್ತದೆ? ಒಂದು ವಿಷಯಕ್ಕೆ ಮಾತ್ರ ಜಾನ್ಸ್‌ಗೆ ಶಹಬ್ಬಾಸ್ ಹೇಳಲೇಬೇಕು. ಈ ಔಲ್‌ಮ್ಯಾನ್‌ಗೆ ಡಿಕ್ ಗ್ರೇಸನ್ ಬೇಕು, ಅಂದರೆ ಬ್ಯಾಟ್‌ಮ್ಯಾನ್ ಜೊತೆ ರಾಬಿನ್ ಆಗಿ ಬೆಳೆದ ಹುಡುಗ. ತನ್ನ ಲೋಕದ ಡಿಕ್ ಸತ್ತುಹೋಗಿದ್ದಾನೆ. ಹಾಗಾಗಿ ನಮ್ಮ ಲೋಕದ ಡಿಕ್‌ನನ್ನು ಹೇಗಾದರೂ ಮಾಡಿ ಪಕ್ಕದಲ್ಲಿ ಇಟ್ಟುಕೊಳ್ಳಲು ಒದ್ದಾಡುತ್ತಾನೆ. ಅಷ್ಟು ಪುಟಗಳಲ್ಲಿ ಅವನು ಮನುಷ್ಯನಾಗುತ್ತಾನೆ. ಆ ದಾರಿಯಲ್ಲೇ ಮುಂದೆ ಹೋಗಬೇಕಿತ್ತು.

ಇನ್ನು 'ದಿ ಬ್ಯಾಟ್‌ಮ್ಯಾನ್ ಹೂ ಲಾಫ್ಸ್', ಬೇರೊಂದು ಲೋಕದ ಕೆಟ್ಟ ಬ್ಯಾಟ್‌ಮ್ಯಾನ್. ಸ್ಕಾಟ್ ಸ್ನೈಡರ್ ಮತ್ತು ಗ್ರೆಗ್ ಕಪುಲೊ 2017ರಲ್ಲಿ ತಂದ ಈ ಪಾತ್ರ ಬಹಳ ಜನಪ್ರಿಯ. ಕಣ್ಣು ಮುಚ್ಚುವ ಆ ಮುಳ್ಳಿನ ಪಟ್ಟಿ, ಆ ನಗು, ನೋಡಿದರೆ ಮರೆಯುವುದಿಲ್ಲ. ಆದರೆ ಅವನು ಕೆಟ್ಟವನಾಗಿದ್ದು ಹೇಗೆ? ಬ್ಯಾಟ್‌ಮ್ಯಾನ್ ತನ್ನ ಬದ್ಧವೈರಿ ಜೋಕರ್‌ನನ್ನು ಕೊಲ್ಲುತ್ತಾನೆ. ಸತ್ತ ಜೋಕರ್‌ನ ದೇಹದಿಂದ ವಿಷ ಹೊರಬಂದು ಬ್ಯಾಟ್‌ಮ್ಯಾನ್ ಒಳಗೆ ಸೇರುತ್ತದೆ. ಅಲ್ಲಿಂದ ಬುದ್ಧಿ ತಿರುಗುತ್ತದೆ. ಅಂದರೆ ರೋಗ ಬಂದ ಹಾಗೆ. ಕೊಂದ ಆ ಒಂದು ಕ್ಷಣ ಅವನ ಆಯ್ಕೆ ನಿಜ. ಅಲ್ಲೇ ಕಥೆ ನಿಂತಿದ್ದರೆ ನಾನು ಮೆಚ್ಚುತ್ತಿದ್ದೆ. ಆಮೇಲಿನದ್ದೆಲ್ಲ ವಿಷದ ಕೆಲಸ. ತುಲನೆಗೆ 'ಇನ್‌ಜಸ್ಟಿಸ್' ಕಥೆಯ ಸೂಪರ್‌ಮ್ಯಾನ್ ತೆಗೆದುಕೊಳ್ಳಿ. ಜೋಕರ್ ಮಾಡಿದ ಮೋಸದಿಂದ ಅವನ ಕೈಯಿಂದಲೇ ಹೆಂಡತಿ ಲೋಯಿಸ್ ಸಾಯುತ್ತಾಳೆ, ಊರೇ ನಾಶವಾಗುತ್ತದೆ. ದುಃಖದಲ್ಲಿ ಜೋಕರ್‌ನನ್ನು ಕೊಲ್ಲುತ್ತಾನೆ. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟು ಸರ್ವಾಧಿಕಾರಿಯಾಗುತ್ತಾನೆ. ಪ್ರತಿ ಹೆಜ್ಜೆಯಲ್ಲೂ ಹಿಂದೆ ತಿರುಗಬಹುದಿತ್ತು. ಅದಕ್ಕೇ ಭಯವಾಗುತ್ತದೆ.

ಔಲ್‌ಮ್ಯಾನ್‌ನ ಇನ್ನೊಂದು ರೂಪದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. 2010ರ ಅನಿಮೇಷನ್ ಸಿನಿಮಾ 'ಜಸ್ಟಿಸ್ ಲೀಗ್: ಕ್ರೈಸಿಸ್ ಆನ್ ಟೂ ಅರ್ತ್ಸ್'. ಬರೆದವರು ಡ್ವೇನ್ ಮೆಕ್‌ಡಫಿ. ಔಲ್‌ಮ್ಯಾನ್‌ಗೆ ಜೇಮ್ಸ್ ವುಡ್ಸ್ ಧ್ವನಿ. ಕೂಗಾಟ ಇಲ್ಲ, ತಣ್ಣಗಿನ ಧ್ವನಿ. ಇಲ್ಲಿ ಅಪ್ಪನ ಕಥೆ ಇಲ್ಲ. ಬದಲಿಗೆ ಒಂದು ತರ್ಕ ಇದೆ. ನಾವು ಒಂದು ನಿರ್ಧಾರ ಮಾಡಿದಾಗಲೆಲ್ಲ ಅದಕ್ಕೆ ವಿರುದ್ಧ ನಿರ್ಧಾರ ಮಾಡಿದ ಇನ್ನೊಂದು ಲೋಕ ಹುಟ್ಟುತ್ತದೆ. ಹಾಗಾದರೆ ನಾವು ಏನು ಮಾಡಿದರೂ ಒಂದೇ. ಎಲ್ಲ ಲೋಕಗಳಿಗೂ ಮೂಲವಾದ ಒಂದು ಭೂಮಿಯನ್ನು ನಾಶಮಾಡಿದರೆ ಮಾತ್ರ ಅದು ನಿಜವಾದ ನಿರ್ಧಾರ, ಅನ್ನುತ್ತಾನೆ. ಕೊನೆಗೆ ಬ್ಯಾಟ್‌ಮ್ಯಾನ್ ಅವನನ್ನು ಬಾಂಬ್ ಸಮೇತ ಹೆಪ್ಪುಗಟ್ಟಿದ, ಯಾರೂ ಇಲ್ಲದ ಬೇರೊಂದು ಭೂಮಿಗೆ ಕಳಿಸಿಬಿಡುತ್ತಾನೆ. ಬಾಂಬ್ ನಿಲ್ಲಿಸಲು ಸಮಯ ಇದ್ದರೂ ಔಲ್‌ಮ್ಯಾನ್ ಕೈ ಎತ್ತುವುದಿಲ್ಲ. ಏನಾದರೇನು ಅಂದುಕೊಂಡು ಸಾಯುತ್ತಾನೆ.

ಈ ತರ್ಕ ಕೇಳಲು ಗಟ್ಟಿಯಾಗಿದೆ. ಅದಕ್ಕೇ ಬಹಳ ಜನ ಇದನ್ನು ದೊಡ್ಡ ತತ್ವ ಅಂತ ಹಂಚಿಕೊಳ್ಳುತ್ತಾರೆ. ನನಗೆ ಸಿನಿಮಾ ಇಷ್ಟ, ತರ್ಕ ಒಪ್ಪಿಗೆಯಿಲ್ಲ. ಇನ್ನೊಂದು ಲೋಕದಲ್ಲಿ ಇನ್ನೊಬ್ಬ ನಾನು ಒಬ್ಬನಿಗೆ ಅನ್ನ ಹಾಕಿದ ಅಂದರೆ ಇಲ್ಲಿ ನನ್ನ ಎದುರು ಕೂತವನ ಹಸಿವು ಹೋಗುವುದಿಲ್ಲ. ನೋವು ಇಲ್ಲಿ ಆದವನಿಗೆ ಇಲ್ಲೇ ಆಗುತ್ತದೆ. ಎಷ್ಟು ಸಾವಿರ ಲೋಕಗಳಿದ್ದರೂ ಈ ಲೋಕದಲ್ಲಿ ಈ ಕೆಲಸ ಮಾಡಿದವನು ಈ ಔಲ್‌ಮ್ಯಾನ್ ಒಬ್ಬನೇ. ಮೆಕ್‌ಡಫಿಗೂ ಇದು ಗೊತ್ತಿತ್ತು ಅಂತ ನನ್ನ ಊಹೆ. ಯಾಕೆಂದರೆ ಔಲ್‌ಮ್ಯಾನ್ ಹೇಳುವ ಕತ್ತಲೆಯನ್ನೇ ತಾನೂ ನೋಡಿದ್ದೇನೆ, ಆದರೆ ಅದರ ಮುಂದೆ ಸೋತವನು ನೀನು ಅನ್ನುವ ಅರ್ಥದ ಮಾತನ್ನು ಅವರು ಬ್ಯಾಟ್‌ಮ್ಯಾನ್ ಬಾಯಲ್ಲಿ ಹಾಕಿಸಿದ್ದಾರೆ.

ಈ ಕಾಮಿಕ್ಸ್ ಪ್ರಕಟಿಸುವ ಡಿಸಿಯವರು ಕ್ರೈಮ್ ಸಿಂಡಿಕೇಟ್‌ನ ಕಥೆಯನ್ನು ಮತ್ತೆ ಮತ್ತೆ ಹೊಸದಾಗಿ ಶುರುಮಾಡುತ್ತಲೇ ಇರುತ್ತಾರೆ. ಪ್ರತಿ ಸಲ ಅಲ್ಟ್ರಾಮ್ಯಾನ್ ಇನ್ನಷ್ಟು ಒರಟ, ಔಲ್‌ಮ್ಯಾನ್ ಇನ್ನಷ್ಟು ಕ್ರೂರಿ, ಹೆಣಗಳು ಇನ್ನಷ್ಟು ಜಾಸ್ತಿ. ಅದು ಸಾಕು. ನನಗೆ ಬೇಕಿರುವುದು ಕಮಿಷನರ್ ಥಾಮಸ್ ವೇಯ್ನ್‌ನ ಕಥೆ. ಪೂರ್ತಿ ಒಂದು ಪುಸ್ತಕ, ಅವನ ಕಡೆಯಿಂದಲೇ ಹೇಳಿದ್ದು. ಕೈಯಲ್ಲಿ ಬಂದೂಕು ಹಿಡಿಯದೆ ಗಾಯಗಳಿಗೆ ಮದ್ದು ಹಾಕುತ್ತಿದ್ದ ಡಾಕ್ಟರ್, ಹೆಂಡತಿ ಮಗುವನ್ನು ಕೊಂದ ಇಲಾಖೆಯಲ್ಲೇ ಮುಖ್ಯಸ್ಥನಾಗಿ ಕೂರುವ ತನಕ ಏನೇನು ನುಂಗಿಕೊಂಡ? ಮುಖವಾಡದವನು ತನ್ನ ಮಗನೇ ಅಂತ ಅವನಿಗೆ ಯಾವಾಗ ತಿಳಿಯಿತು? ತಿಳಿದ ಮೇಲೆ ಅವನನ್ನು ಹಿಡಿಯಲು ಹೊರಟ ಮೊದಲ ರಾತ್ರಿ ಜೊತೆಯವರಿಗೆ ಏನು ಹೇಳಿದ? ಮಾರಿಸನ್ ಪುಸ್ತಕದಲ್ಲಿ ಇವನಿಗೆ ಸಿಕ್ಕಿರುವುದು ಕೆಲವೇ ಪುಟ. ಬರೆಯುವವರು ಯಾರಾದರೂ ಈ ಪ್ರಶ್ನೆಗಳಿಂದ ಶುರುಮಾಡಲಿ. ಆ ಪುಸ್ತಕ ಬಂದ ದಿನವೇ ನಾನು ಕೊಳ್ಳುತ್ತೇನೆ.